ಹಳೆ ಫೋಟೋದ ಏಳನೆಯ ತಲೆ

ಕಾಸರಗೋಡಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಗುಂಪು ಫೋಟೋದಲ್ಲಿ ಹನ್ನೊಂದು ಜನ. ಹೆಸರು ಒಂದೂ ಇಲ್ಲ. ವಾರಗಟ್ಟಲೆ ಮುಖಗಳನ್ನೇ ದಿಟ್ಟಿಸಿದ್ದು ನನ್ನ ಪೆದ್ದುತನ. ಕೊನೆಗೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಫೋಟೋ ಅಂಟಿಸಿದ ರಟ್ಟಿನ ಅಂಚಿನಲ್ಲಿ ಓರೆಯಾಗಿ ಹಿಡಿದೆ. ಶಾಯಿಯಿಲ್ಲದೆ ಒತ್ತಿ ಮೂಡಿಸಿದ ಒತ್ತಚ್ಚಿನ ಅಕ್ಷರಗಳು ನೆರಳು ಚೆಲ್ಲಿ ಎದ್ದವು: ಸ್ಟುಡಿಯೋ ಹೆಸರು, ‘ಕಾಸರಗೋಡು, ದಕ್ಷಿಣ ಕನ್ನಡ’. ಅಂದರೆ 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರುವುದಕ್ಕಿಂತ ಹಿಂದಿನದು. (ಹಳೆ ರಟ್ಟು ಮುಗಿಯುವ ತನಕ ಬಳಸಿರಲೂಬಹುದು, ಒಂದೆರಡು ವರ್ಷ ಆಚೀಚೆ ಎನ್ನೋಣ.)

ನಕಲನ್ನು ದೊಡ್ಡದಾಗಿ ಮುದ್ರಿಸಿ, ತಲೆಗೊಂದು ಸಂಖ್ಯೆ ಬರೆದು ಬದಿಯಡ್ಕದ ಹಿರಿಯ ಮಾಸ್ತರರಿಗೆ ಕೊಟ್ಟೆ. ‘ಯಾರಿವರು?’ ಎನ್ನದೆ ‘ಈ ಜಗಲಿ ಎಲ್ಲಿಯದು?’ ಎಂದು ಕೇಳಿದೆ. ಕಂಬ ನೋಡಿದವರೇ, ‘ನಮ್ಮ ಶಾಲೆಯಲ್ಲವೋ ಮಾರಾಯ!’ ಎಂದು ಏಳನೆಯ ತಲೆಯ ಮೇಲೆ ಬೆರಳಿಟ್ಟರು. ಅವರ ಸೋದರಮಾವ. ಅಲ್ಲಿಂದ ಮತ್ತೆ ನಾಲ್ವರು ಸಿಕ್ಕಿದರು.