ದಸರಾಗೆ ನಮ್ಮನೆ ಜಿನಿಯಾ

ಮೈಸೂರಿನ ಕುಪ್ಪಣ್ಣ ಪಾರ್ಕಿನ ಫ್ಲವರ್ ಶೋ ನೋಡ್ಕೊಂಡು ಬಂದವ್ರು ಸುಮಾರು ಜನ ನರ್ಸರಿಗೆ ಹೋಗಿ ಹೂ ಬಿಟ್ಟಿರೋ ಜಿನಿಯಾನೇ ಕವರ್ ಸಮೇತ ತರ್ತಾರೆ, ನಾನಂತೂ ತರಲ್ಲ. ಇದು ಬೇರು ಅಲ್ಲಾಡಿದ್ರೆ ಮುನಿಸ್ಕೊಳ್ಳೋ ಗಿಡ, ಬೀಜಾನ ನೇರ ಪಾತಿಗೇ ಹಾಕಿದ್ರೆ ಚೆನ್ನ. ಬಿತ್ತಿದ ಎರಡು-ಎರಡೂವರೆ ತಿಂಗಳಿಗೆ ಹೂ ಬರುತ್ತೆ, ಅದಕ್ಕೇ ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರದ ರಶ್ ಮುಗಿಯೋದ್ರೊಳಗೆ ಬಿತ್ತಿಬಿಡ್ತೀನಿ, ದಸರಾಗೆ ಸರಿಹೋಗುತ್ತೆ.

ಕುವೆಂಪುನಗರದಲ್ಲಿ ನಮ್ಮನೆ, ಕಾಂಪೌಂಡ್ ಪಕ್ಕ ದಿನಕ್ಕೆ ಆರು ಗಂಟೆಯಾದ್ರೂ ಬಿಸಿಲು ಬೀಳೋ ಒಂದು ಪಟ್ಟಿ ಜಾಗ ಇದೆ. ಕೆಂಪು ಮಣ್ಣಿಗೆ ಹಳೇ ಕೊಟ್ಟಿಗೆ ಗೊಬ್ಬರ ಕಲಸಿ ಕಾಲಿಂಚು ಆಳದಲ್ಲಿ ಬೀಜ ಹಾಕ್ತೀನಿ ಅಷ್ಟೇ. ಯೂರಿಯಾ ಗೀರಿಯಾ ಬೇಡ, ಬರೀ ಎಲೆ ಬರುತ್ತೆ. ವಾರದೊಳಗೆ ಮೊಳಕೆ ಬರುತ್ತೆ, ಆಮೇಲೆ ಮಳೆಗಾಲದ ಬಸವನಹುಳ ರಾತ್ರಿ ಬಂದು ಸಾಲು ಸಾಲೇ ಮೇಯುತ್ತೆ, ಟಾರ್ಚ್ ಹಿಡ್ಕೊಂಡು ಆರಿಸಿ ಹಾಕೋದು ಬಿಟ್ರೆ ನಾನು ಬೇರೇನೂ ಮಾಡಲ್ಲ.

ಮೂರ್ನಾಲ್ಕು ಜೊತೆ ಎಲೆ ಬಂದ್ಮೇಲೆ ತುದಿ ಚಿವುಟಬೇಕು. ನಮ್ಮತ್ತೆ ನೋಡಿ "ಏನಮ್ಮಾ, ಹೂ ಬಿಡೋ ತುದೀನೇ ಕಿತ್ತಾಕ್ತಿದ್ದೀಯಲ್ಲ" ಅಂದ್ರು, ಎರಡು ವಾರ ಬಿಟ್ಟು ಪಕ್ಕದಲ್ಲೆಲ್ಲ ಕವಲು ಒಡೆದಿದ್ದು ನೋಡಿ ಸುಮ್ಮನಾದ್ರು. ಆದ್ರೂ ಘಮ ಇಲ್ಲದ ಹೂ ಅಂತ ಅವ್ರಿಗೆ ಇವತ್ತಿಗೂ ಅಸಮಾಧಾನನೇ.

ಇದಕ್ಕಿರೋ ದೊಡ್ಡ ಕಾಟ ಬೂದಿ ರೋಗ. ಎಲೆ ಮೇಲೆ ಅಕ್ಕಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಬಿಳಿ ಮಚ್ಚೆ, ಕೆಳಗಿನ ಎಲೆಯಿಂದ ಶುರುವಾಗಿ ಮೇಲಕ್ಕೆ ಹತ್ತುತ್ತೆ. ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿಯಿಂದ ಒಂದಡಿ ಬಿಡ್ಬೇಕು, ಬೆಳಗ್ಗೇನೇ ಬುಡಕ್ಕೆ ಮಾತ್ರ ನೀರು, ಮಚ್ಚೆ ಬಂದ ಎಲೆ ಕಿತ್ತು ಹೊರಗೆ. ಗಾಳಿ ಆಡೋದು ಎಷ್ಟು ಮುಖ್ಯ ಅಂದ್ರೆ, ಅಂತರಿಕ್ಷ ನಿಲ್ದಾಣದಲ್ಲಿ ಬೆಳೆಸಿದ ಜಿನಿಯಾಗೂ ತೇವ ಹೆಚ್ಚಾಗಿ ಬೂಷ್ಟು ಹಿಡಿದಿತ್ತಂತೆ, ಫ್ಯಾನ್ ಜೋರು ಮಾಡಿ ಒಣಗಿಸಿದ್ರು, ಕೆಲವು ಗಿಡ ಸತ್ತವು, ಉಳಿದವು 2016ರ ಜನವರಿಯಲ್ಲಿ ಹೂ ಬಿಟ್ವು.

ಹೂ ಕೊಯ್ಯೋಕೆ ಒಂದು ಪರೀಕ್ಷೆ ಇದೆ: ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡ್ಕೊಂಡು ಮೆಲ್ಲಗೆ ಅಲ್ಲಾಡಿಸಿ, ಕತ್ತು ಬಳುಕಿದ್ರೆ ಇನ್ನೂ ಬಲಿತಿಲ್ಲ, ಹೂದಾನಿಗೆ ಹಾಕಿದ್ರೆ ಸಂಜೆಗೇ ಬಾಗಿಹೋಗುತ್ತೆ. ನೆಟ್ಟಗೆ ನಿಂತ್ರೆ ಕವಲಿನ ಮೇಲೆ ಕತ್ತರಿಸಿ. ಕೊಯ್ದಷ್ಟೂ ಬರುತ್ತೆ, ಹಾಗಾಗಿ ಆಯುಧಪೂಜೆಗೆ ಸ್ಕೂಟರ್‌ಗೂ ಹಾಕಿ ಪಕ್ಕದ ಮನೆಗೂ ಕೊಡ್ತೀನಿ.

ಬೀಜಕ್ಕೆ ಅಂತ ಕೆಲವು ಹೂ ಗಿಡದಲ್ಲೇ ಒಣಗೋಕೆ ಬಿಡಿ, ಒಣ ಎಸಳು ಎಳೆದ್ರೆ ಬುಡದಲ್ಲಿ ಕಂದು ಬಣ್ಣದ ಚಪ್ಪಟೆ ಬೀಜ ಅಂಟ್ಕೊಂಡಿರುತ್ತೆ. ಹೈಬ್ರಿಡ್ ಪ್ಯಾಕೆಟ್‌ದಾದ್ರೆ ತಾಯಿ ಹಾಗೇ ಬರಲ್ಲ, ಬಣ್ಣ ಕಲಬೆರಕೆ, ಎಷ್ಟೋ ಸಲ ಒಂಟಿ ಸುತ್ತಿನ ಎಸಳು. ನನಗೆ ಅದೇ ಇಷ್ಟ, ಚಿಟ್ಟೆ ಅದ್ರ ಮೇಲೇ ಜಾಸ್ತಿ ಕೂರೋದು.