ಸೇನೆಯ ಗಾಡಿ ರಿಪೇರಿ ಮಾಡುವ ಇಎಂಇ ವರ್ಕ್‌ಶಾಪಿನಿಂದ ಪೀಣ್ಯದ ಜನರೇಟರ್ ರೂಮಿಗೆ: ನನ್ನ ಅನುಭವ

"ಫೌಜಿಗೆ ಹೊರಗಡೆ ಸೆಕ್ಯುರಿಟಿ ಕೆಲಸ ಬಿಟ್ರೆ ಬೇರೇನೂ ಸಿಗಲ್ಲ." ನನ್ನ ಜೊತೆ ಪೆನ್ಷನ್ ಬಂದವರೆಲ್ಲ ಇದನ್ನೇ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಇವತ್ತು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೇನೆ. ಸೇನೆಯಲ್ಲಿ ನನ್ನ ಹಾಗೆ ವೆಹಿಕಲ್ ಮೆಕ್ಯಾನಿಕ್ ಟ್ರೇಡಿನವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಒಂದು ವರ್ಷ ಬರೀ ಅಲೆದಾಟ. ಬಯೋಡೇಟಾದಲ್ಲಿ 'ವಿಎಂ ಎಂವಿ, ಕ್ಲಾಸ್ 1, ಎಲ್‌ಎಡಿ' ಅಂತ ಇತ್ತು. ಅಂದರೆ ಮೋಟಾರು ಗಾಡಿ ಮೆಕ್ಯಾನಿಕ್, ಟ್ರೇಡಿನ ಮೇಲಿನ ದರ್ಜೆ, ಯೂನಿಟ್ಟಿನ ಜೊತೆಗೇ ಇರುವ ಸಣ್ಣ ರಿಪೇರಿ ತಂಡ. ಎಚ್‌ಆರ್‌ನವರು ನೋಡಿ, ಡಿಪ್ಲೊಮಾ ಇದೆಯಾ ಅಂತ ಕೇಳಿ ಕಳಿಸುತ್ತಿದ್ದರು. 15 ವರ್ಷ ಸರ್ವಿಸ್ ಆದವರಿಗೆ ಸೇನೆಯಿಂದ ಸಿಗುವ ಗ್ರಾಜುಯೇಷನ್ ಸರ್ಟಿಫಿಕೇಟ್ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗೆ ನಡೆಯುತ್ತದೆ. ನಾನು ಹೋದ ಖಾಸಗಿ ಕಂಪನಿಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ಒಬ್ಬ ಕನ್ಸಲ್ಟೆಂಟ್ ಐದಾರು ಸಾವಿರ ತಗೊಂಡ, ಒಂದು ಫೋನೂ ಬರಲಿಲ್ಲ. ಓಡಾಟ, ಜೆರಾಕ್ಸ್ ಎಲ್ಲ ಸೇರಿ ಮೂವತ್ತು ಸಾವಿರ ಹೋಗಿರಬೇಕು. ಒಂದು ಸೆಕ್ಯುರಿಟಿ ಏಜೆನ್ಸಿ 12 ಗಂಟೆ ಡ್ಯೂಟಿಗೆ ಹದಿನೈದು ಸಾವಿರ ಕೊಡ್ತೀವಿ ಅಂದಿತು. ಮನೆಯಲ್ಲಿ ಅದಕ್ಕೇ ಸೇರು ಅಂದರು. ನಾನು ಸೇರಲಿಲ್ಲ.

ಆ ಬಯೋಡೇಟಾ ಬದಿಗಿಟ್ಟು ಒಂದು ರಿಜಿಸ್ಟರ್ ಮಾಡಿದೆ. ಸೇನೆಯ ಟ್ರಕ್ಕುಗಳು: ಸ್ಟಾಲಿಯನ್ನಿನ ಲೇಲ್ಯಾಂಡ್ ಎಂಜಿನ್, ಟಾಟ್ರಾದ ಏರ್‌ಕೂಲ್ಡ್ ಎಂಜಿನ್. ಯಾವ ಕಂಪ್ಲೇಂಟ್ ಬಂತು, ಏನು ಬಿಚ್ಚಿದೆ, ಎಷ್ಟು ಹೊತ್ತಲ್ಲಿ ಗಾಡಿ ರೋಡಿಗೆ ಬಂತು, ಇಷ್ಟೇ. ಎಚ್‌ಆರ್ ಹತ್ತಿರ ಹೋಗೋದು ಬಿಟ್ಟು ನೇರ ಮೇಂಟೆನೆನ್ಸ್ ಹೆಡ್ ಹತ್ತಿರ ಹೋದೆ. "ಸರ್, ನಿಮಗೆ ತಲೆನೋವಾಗಿರೋ ಒಂದು ಮಷೀನ್ ತೋರಿಸಿ. ಕೂಲಿ ಬೇಡ."

"ಮಿಲಿಟರಿ ಗಾಡಿ ನೋಡಿದೋರಿಗೆ ಜನರೇಟರ್ ಗೊತ್ತಾಗುತ್ತೇನ್ರೀ?" ಅಂದರು. ಆದರೂ ತೋರಿಸಿದರು. 125 ಕೆವಿಎ ಸೆಟ್ಟು. ಕಪ್ಪು ಹೊಗೆ, ಸೈಲೆನ್ಸರ್ ಜಾಯಿಂಟಿನಲ್ಲಿ ಜಿಡ್ಡು ಜಿಡ್ಡಾಗಿ ಕಪ್ಪು ಸೋರುತ್ತಿತ್ತು. ಹೊರಗಿನ ಸರ್ವಿಸಿನವರು ಓವರ್‌ಹಾಲ್‌ಗೆ ಎರಡು ಲಕ್ಷದ ಮೇಲೆ ಕೊಟೇಷನ್ ಕೊಟ್ಟಿದ್ದರು. ನಾನು ಸ್ಪ್ಯಾನರ್ ಮುಟ್ಟಲಿಲ್ಲ, ಲಾಗ್ ಬುಕ್ ಕೇಳಿದೆ. ಲೋಡ್ ಕಾಲಂ ಖಾಲಿ! ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರೆ ಎಳೆಯುತ್ತಿದ್ದದ್ದು ಸೆಟ್ಟಿನ ಸಾಮರ್ಥ್ಯದ ಇಪ್ಪತ್ತು ಪರ್ಸೆಂಟ್ ಅಷ್ಟೇ. ಮೂವತ್ತಕ್ಕಿಂತ ಕಡಿಮೆ ಲೋಡಿನಲ್ಲಿ ದಿನಾ ಓಡಿಸಿದರೆ ಎಂಜಿನ್ ಸರಿಯಾಗಿ ಬಿಸಿಯಾಗಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿಗೆ ಹೋಗುತ್ತದೆ. ಎಂಜಿನ್ ಸವೆದಿರಲೇ ಇಲ್ಲ.

ಇಂಜೆಕ್ಟರ್ ಕ್ಯಾಲಿಬ್ರೇಷನ್, ಆಯಿಲ್, ಫಿಲ್ಟರ್ ಮಾಡಿಸಿದೆ. ಕಂಪ್ರೆಸರ್ ಮತ್ತು ಪಕ್ಕದ ಶೆಡ್ಡನ್ನು ಇದೇ ಸೆಟ್ಟಿಗೆ ಸೇರಿಸಿ ಲೋಡ್ ಏರಿಸಿದೆ. ಯಾವ ಹಂತದಲ್ಲಿ ಎಷ್ಟು ಹೊತ್ತು ನಿಲ್ಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸಂಜೆ ಹೊತ್ತಿಗೆ ಹೊಗೆ ತಿಳಿಯಾಯಿತು. ಖರ್ಚು ಇಪ್ಪತ್ತು ಸಾವಿರದ ಆಸುಪಾಸು. ಮುಂದಿನ ವಾರ ತಿಂಗಳಿಗೆ ಇಪ್ಪತ್ತೆಂಟು ಸಾವಿರ ಸಂಬಳಕ್ಕೆ ಕರೆದರು, ಈಗ ನಲವತ್ತರ ಹತ್ತಿರ ಇದೆ. ಇನ್ನೊಂದು ಪ್ಲಾಂಟಿನವರೂ ನನ್ನನ್ನು ಕೇಳುತ್ತಿದ್ದಾರೆ.

ಫಸ್ಟ್ ಪರೇಡ್ (ಗಾಡಿ ತೆಗೆಯುವ ಮುಂಚಿನ ತಪಾಸಣೆ), ಮೇಂಟೆನೆನ್ಸ್ ಪರೇಡ್ (ನಿಗದಿತ ದಿನದ ತಪಾಸಣೆ) ಅಂತ ಸೇನೆಯಲ್ಲಿ ನಮಗೆ ರೂಢಿ ಮಾಡಿಸಿದ್ದಾರಲ್ಲ, ನನಗೆ ಕೆಲಸ ಕೊಡಿಸಿದ್ದು ಅದೇ. ಬಿಚ್ಚುವ ಮುಂಚೆ ನೋಡೋದು, ನೋಡಿದ್ದನ್ನು ಬರೆಯೋದು. ಹೊರಗಡೆ ಬಿಚ್ಚೋರು ಬೇಕಾದಷ್ಟು ಜನ ಇದ್ದಾರೆ.

ನಮ್ಮ ಟ್ರೇಡಿನಲ್ಲಿ ಕಡಿಮೆ ಬೀಳೋದು ಕರೆಂಟಿನ ಕಡೆ: ವೋಲ್ಟೇಜ್ ಸ್ಥಿರವಾಗಿಡುವ ಎವಿಆರ್, ಕರೆಂಟ್ ಹೋದಾಗ ಜನರೇಟರನ್ನು ತಾನೇ ಶುರು ಮಾಡುವ ಎಎಂಎಫ್ ಪ್ಯಾನೆಲ್. ನಾನು ಹತ್ತು ಹನ್ನೆರಡು ಸಾವಿರ ಕೈಯಿಂದ ಹಾಕಿ ಸಂಜೆ ಕ್ಲಾಸಿಗೆ ಹೋದೆ. ಇನ್ನೂ ಸರ್ವಿಸಿನಲ್ಲಿ ಇರೋರು ಡಿಜಿಆರ್ (ಸೈನಿಕರ ಪುನರ್ವಸತಿ ನೋಡಿಕೊಳ್ಳುವ ನಿರ್ದೇಶನಾಲಯ) ಕೋರ್ಸ್ ಹಿಡಿಯುವಾಗ ಸುಮ್ನೆ ಎಲ್ಲರ ಜೊತೆ ಸೆಕ್ಯುರಿಟಿ ಕೋರ್ಸಿಗೆ ಹೋಗಬೇಡಿ. ಟ್ರೇಡಿನಲ್ಲಿ ಏನು ಕಡಿಮೆ ಇದೆಯೋ ಅದನ್ನು ತುಂಬೋ ಕೋರ್ಸ್ ಹುಡುಕಿ.

ಈಗ ಬ್ಲಾಟರ್ ಪೇಪರಿನ ಮೇಲೆ ಎಂಜಿನ್ ಆಯಿಲ್ ಹನಿ ಬಿಟ್ಟು ಕಲೆ ನೋಡೋದು ಶುರು ಮಾಡಿದ್ದೇನೆ. ನಡುವೆ ದಟ್ಟ ಕಪ್ಪು ನಿಂತು ಸುತ್ತ ಹರಡದಿದ್ದರೆ ಆಯಿಲ್ ಕೆಲಸ ಮುಗಿಯಿತು ಅಂತ. ಹಾಳೆಗಳಿಗೆ ತಾರೀಖು ಹಾಕಿ ಫೈಲ್ ಮಾಡುತ್ತಿದ್ದೇನೆ.

2022ರಲ್ಲಿ ಅಗ್ನಿಪಥ್ ಬಂದ ಮೇಲೆ ಸೇರಿದ ಊರಿನ ಹುಡುಗರು ಫೋನ್ ಮಾಡುತ್ತಾರೆ. ನಾಲ್ಕು ವರ್ಷ ಬೇಗ ಮುಗಿಯುತ್ತದೆ, ಉಳಿಸಿಕೊಳ್ಳೋದು 25 ಪರ್ಸೆಂಟ್ ತನಕ ಅಷ್ಟೇ. ರಿಜಿಸ್ಟರ್ ಇವತ್ತೇ ಶುರು ಮಾಡಿ ಅನ್ನುತ್ತೇನೆ. ಯೂನಿಟ್, ಜಾಗದ ಹೆಸರು ಬೇಡ. ಎಂಜಿನ್, ಕಂಪ್ಲೇಂಟ್, ರಿಪೇರಿ ಸಾಕು. ನನ್ನ ಕೆಳಗೆ ಜಾಗ ಖಾಲಿಯಾದರೆ ಅಂಥ ರಿಜಿಸ್ಟರ್ ಹಿಡಿದು ಬಂದವರನ್ನೇ ಮೊದಲು ಒಳಗೆ ಕರೆಯುತ್ತೇನೆ.