ಹೊಸ ಫೋನ್ ನೋಡಿದರೆ ತಲೆನೋವಾ? ಸ್ಕ್ರೀನ್ ಮಿನುಗುತ್ತಿದೆಯಾ ಅಂತ ನೋಡಿ

ಹೊಸ ಫೋನ್ ತಗೊಂಡ ಮೇಲೆ ಕಣ್ಣುರಿ, ಹುಬ್ಬಿನ ಮೇಲೆ ಭಾರ, ರಾತ್ರಿಯಾದರೆ ಹಣೆಯ ಪಕ್ಕದಲ್ಲಿ ಸಿಡಿತ. ಹಳೆಯ ಫೋನನ್ನೂ ಇಷ್ಟೇ ಹೊತ್ತು ನೋಡುತ್ತಿದ್ದಿರಿ, ಆಗ ಹೀಗಿರಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರ ಒಂದೇ: ಫೋನ್ ಜಾಸ್ತಿ ನೋಡ್ತೀಯ, ಕಡಿಮೆ ಮಾಡು. ಅದು ಒಳ್ಳೆಯ ಮಾತೇ. ಆದರೆ ಹತ್ತು ನಿಮಿಷ ನೋಡಿದರೂ ತಲೆ ಹಿಡಿದುಕೊಳ್ಳುತ್ತದೆ ಅನ್ನುವವರಿಗೆ ಆ ಮಾತಿನಿಂದ ಏನೂ ಉಪಯೋಗವಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೂ ಇದೇ ತೊಂದರೆ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿಗೆ ಹಿತವಾಗಲಿ ಎಂದು ನೀವು ರಾತ್ರಿ ಬ್ರೈಟ್‌ನೆಸ್ ಪೂರ್ತಿ ಇಳಿಸುತ್ತೀರಲ್ವಾ, ಅಮೋಲೆಡ್ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಸ್ಕ್ರೀನ್‌ನ ಬಹಳಷ್ಟು ಫೋನ್‌ಗಳಲ್ಲಿ ಸ್ಕ್ರೀನ್ ಅತಿ ಹೆಚ್ಚು ಮಿನುಗುವುದು ಆಗಲೇ.

ಯಾಕೆ ಹೀಗೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ನಲ್ಲಿಯಿಂದ ಬರುವ ನೀರು ಕಡಿಮೆ ಮಾಡಬೇಕಾದರೆ ಎರಡು ದಾರಿ ಇವೆ: ನಲ್ಲಿಯನ್ನು ಅರ್ಧ ತಿರುಗಿಸಿ ಸಣ್ಣಗೆ ಬಿಡಬಹುದು, ಇಲ್ಲವೇ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು, ಹೀಗೆ ಬೇಗ ಬೇಗ ಮಾಡುತ್ತಾ ಹೋಗಬಹುದು. ಸ್ಕ್ರೀನ್‌ನ ಬೆಳಕನ್ನೂ ಹೀಗೆ ಎರಡು ರೀತಿ ಕಡಿಮೆ ಮಾಡುತ್ತಾರೆ. ಕರೆಂಟನ್ನೇ ಕಡಿಮೆ ಮಾಡುವ ಮೊದಲನೆಯದಕ್ಕೆ ಡಿಸಿ ಡಿಮ್ಮಿಂಗ್ ಎನ್ನುತ್ತಾರೆ, ಎರಡನೆಯದಕ್ಕೆ ಪಿಡಬ್ಲ್ಯುಎಂ. ಅಮೋಲೆಡ್‌ನಲ್ಲಿ ಕರೆಂಟ್ ತೀರಾ ಕಡಿಮೆ ಮಾಡಿದರೆ ಬಣ್ಣ ಕೆಡುತ್ತದೆ, ಸ್ಕ್ರೀನ್ ಮೇಲೆ ಕಲೆ ಕಲೆಯಾಗಿ ಕಾಣುತ್ತದೆ. ಅದಕ್ಕೇ ಕಂಪನಿಗಳು ಎರಡನೆಯ ದಾರಿ ಹಿಡಿಯುತ್ತವೆ. ಸೆಕೆಂಡಿಗೆ ನೂರಾರು ಸಲ ಸ್ಕ್ರೀನ್ ಹತ್ತಿ ಆರುತ್ತದೆ. ಬ್ರೈಟ್‌ನೆಸ್ ಇಳಿಸಿದಷ್ಟೂ ಆರಿರುವ ಹೊತ್ತು ಜಾಸ್ತಿಯಾಗುತ್ತದೆ.

ಕಣ್ಣಿಗೆ ಇದು ಮಿನುಗಿನ ಹಾಗೆ ಕಾಣುವುದಿಲ್ಲ, ನಿಜ. ಸೆಕೆಂಡಿಗೆ ಸುಮಾರು 50ರಿಂದ 90 ಸಲ ದಾಟಿದರೆ ನಮಗೆ ಒಂದೇ ಸಮನೆ ಬೆಳಕಿದ್ದಂತೆ ತೋರುತ್ತದೆ. ಆದರೆ ಕಾಣದಿದ್ದರೆ ತೊಂದರೆಯೂ ಇಲ್ಲ ಎಂದಲ್ಲ. 1989ರಲ್ಲಿ ಇಂಗ್ಲೆಂಡಿನಲ್ಲಿ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಜೊತೆಗಾರರು ಒಂದು ಆಫೀಸಿನ ಟ್ಯೂಬ್‌ಲೈಟ್‌ಗಳ ಮೇಲೆ ಮಾಡಿದ ಪರೀಕ್ಷೆಯನ್ನು ಈ ವಿಷಯದಲ್ಲಿ ಇವತ್ತಿಗೂ ನೆನೆಯುತ್ತಾರೆ. ಸೆಕೆಂಡಿಗೆ 100 ಸಲ ಮಿನುಗುವ ಹಳೆಯ ಚೋಕ್ ತೆಗೆದು, ಸುಮಾರು 32,000 ಹರ್ಟ್ಜ್‌ನ (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ) ಎಲೆಕ್ಟ್ರಾನಿಕ್ ಚೋಕ್ ಹಾಕಿದಾಗ ಅಲ್ಲಿನವರ ತಲೆನೋವು, ಕಣ್ಣಿನ ಆಯಾಸ ಅರ್ಧಕ್ಕಿಂತ ಕಡಿಮೆಯಾಯಿತು. ಎರಡೂ ಬೆಳಕು ಕಣ್ಣಿಗೆ ಒಂದೇ ಥರ ಕಾಣುತ್ತಿತ್ತು. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಕ್ಕನೆ ಹೊರಳುವಾಗ 1000 ಹರ್ಟ್ಜ್ ಮೀರಿದ ಮಿನುಗನ್ನೂ ಕೆಲವರು ಗುರುತಿಸಬಲ್ಲರು ಎಂಬುದೂ 2013ರಲ್ಲಿ ಗೊತ್ತಾಯಿತು. ಓದುವಾಗ ಕಣ್ಣು ಮಾಡುವುದು ಅದನ್ನೇ, ಸಾಲಿನುದ್ದಕ್ಕೂ ಹೊರಳುತ್ತಾ ಹೋಗುತ್ತದೆ. ಎಲ್ಲರಿಗೂ ಇದು ಕಾಡುವುದಿಲ್ಲ. ಅರೆತಲೆನೋವು ಇರುವವರಿಗೆ ಜಾಸ್ತಿ. ಹಾಗಾಗಿ ಪಕ್ಕದಲ್ಲಿ ಕೂತವರಿಗೆ ಅದೇ ಫೋನ್‌ನಿಂದ ಏನೂ ಆಗುತ್ತಿಲ್ಲ ಎಂದರೆ ನಿಮ್ಮದು ಸುಳ್ಳು ಎಂದು ಅರ್ಥವಲ್ಲ.

ಮನೆಯಲ್ಲೇ ಪರೀಕ್ಷೆ ಮಾಡುವುದು

ಇನ್ನೊಂದು ಫೋನ್ ಬೇಕು, ಅದರ ಕ್ಯಾಮೆರಾದಲ್ಲಿ ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ) ಇರಬೇಕು. ನಿಮ್ಮ ಫೋನ್‌ನಲ್ಲಿ ಖಾಲಿ ಬಿಳಿ ಪುಟ ಯಾವುದಾದರೂ ತೆರೆಯಿರಿ, ನೋಟ್ಸ್ ಆ್ಯಪ್ ಸಾಕು. ಡಾರ್ಕ್ ಮೋಡ್ ಮತ್ತು ಆಟೋ ಬ್ರೈಟ್‌ನೆಸ್ ಎರಡನ್ನೂ ಆಫ್ ಮಾಡಿ. ಇನ್ನೊಂದು ಫೋನ್‌ನ ಪ್ರೊ ಮೋಡ್‌ನಲ್ಲಿ ಶಟರ್ ಸ್ಪೀಡನ್ನು 1/4000ಕ್ಕೆ ಇಡಿ, ಚಿತ್ರ ತೀರಾ ಕಪ್ಪಾದರೆ ಐಎಸ್‌ಒ ಹೆಚ್ಚಿಸಿ. ಈಗ ಆ ಬಿಳಿ ಪುಟವನ್ನು ಕ್ಯಾಮೆರಾದಲ್ಲಿ ನೋಡುತ್ತಾ ಬ್ರೈಟ್‌ನೆಸ್ಸನ್ನು ಪೂರ್ತಿಯಿಂದ ಅರ್ಧಕ್ಕೆ, ಅರ್ಧದಿಂದ ಕೆಳಕ್ಕೆ ನಿಧಾನವಾಗಿ ಇಳಿಸಿ.

ಅಗಲವಾದ, ಕಡುಕಪ್ಪು ಪಟ್ಟೆಗಳು ಕಂಡರೆ ಸ್ಕ್ರೀನ್ ನಿಧಾನವಾಗಿ, ಆಳವಾಗಿ ಮಿನುಗುತ್ತಿದೆ. ಸಣ್ಣ ಸಣ್ಣ ಪಟ್ಟೆ ಒತ್ತೊತ್ತಾಗಿ ಇದ್ದರೆ ವೇಗ ಜಾಸ್ತಿ, ಅದು ವಾಸಿ. ಪಟ್ಟೆ ತೆಳು ಬೂದಿ ಬಣ್ಣದ್ದಾದರೆ ಸ್ಕ್ರೀನ್ ಪೂರ್ತಿ ಆರುತ್ತಿಲ್ಲ, ಸ್ವಲ್ಪ ಮಂಕಾಗಿ ಮತ್ತೆ ಬೆಳಗುತ್ತಿದೆ ಅಷ್ಟೆ. ಮಂದವಾದ ಒಂದೋ ಎರಡೋ ಪಟ್ಟೆ ಪೂರ್ತಿ ಬ್ರೈಟ್‌ನೆಸ್‌ನಲ್ಲೂ ಅಮೋಲೆಡ್‌ನಲ್ಲಿ ಉಳಿಯಬಹುದು, ಅದಕ್ಕೆ ಗಾಬರಿ ಬೇಡ. ನೀವು ಗಮನಿಸಬೇಕಾದ್ದು ಇಷ್ಟು: ಇಳಿಸುತ್ತಾ ಹೋದಾಗ ಯಾವ ಜಾಗದಲ್ಲಿ ಪಟ್ಟೆಗಳು ಇದ್ದಕ್ಕಿದ್ದಂತೆ ದಪ್ಪಗಾಗುತ್ತವೆ? ಆ ಜಾಗ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರೊ ಮೋಡ್ ಇಲ್ಲದಿದ್ದರೆ ಸ್ಲೋ ಮೋಷನ್ ವಿಡಿಯೊ ಮಾಡಿ ನೋಡಿ. ಅದೂ ಇಲ್ಲ ಎಂದರೆ ಪೆನ್ಸಿಲ್ ಸಾಕು. ಕತ್ತಲೆ ಕೋಣೆಯಲ್ಲಿ ಬಿಳಿ ಸ್ಕ್ರೀನ್ ಮುಂದೆ ಪೆನ್ಸಿಲ್ಲನ್ನು ಅಡ್ಡಡ್ಡ ಜೋರಾಗಿ ಆಡಿಸಿ. ಒಂದೇ ಮಂಜಾಗಿ ಕಂಡರೆ ಸರಿ, ಬಿಡಿ ಬಿಡಿಯಾಗಿ ನಾಲ್ಕಾರು ಪೆನ್ಸಿಲ್ ಕಂಡರೆ ಮಿನುಗು ಇದೆ.

ಅಂದಹಾಗೆ ಕ್ಯಾಮೆರಾ ಕೈಯಲ್ಲಿದ್ದಾಗಲೇ ಕೋಣೆಯ ಎಲ್‌ಇಡಿ ಬಲ್ಬ್ ಕಡೆಗೂ ಒಮ್ಮೆ ತಿರುಗಿಸಿ. ನಮ್ಮಲ್ಲಿ ಕರೆಂಟ್ 50 ಹರ್ಟ್ಜ್, ಹಾಗಾಗಿ ಅಗ್ಗದ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನ್ ಮೇಲೆ ಹೊರಿಸಿದ ತಲೆನೋವಿಗೆ ಕಾರಣ ತಲೆಯ ಮೇಲಿನ ಬಲ್ಬ್ ಕೂಡ ಆಗಿರಬಹುದು!

ಪಟ್ಟೆ ಕಂಡ ಮಾತ್ರಕ್ಕೆ ನಿಮ್ಮ ತಲೆನೋವಿಗೆ ಅದೇ ಕಾರಣ ಎಂದು ತೀರ್ಮಾನಿಸಬೇಡಿ. ಮನೆಯಲ್ಲಿ ಎಲ್‌ಸಿಡಿ (ಹಿಂದೆ ದೀಪವಿದ್ದು ಬೆಳಗುವ) ಸ್ಕ್ರೀನ್‌ನ ಹಳೆಯ ಫೋನ್ ಇದ್ದರೆ ಕೆಲವು ದಿನ ಸಿಮ್ ಅದಕ್ಕೆ ಹಾಕಿ. ಅದನ್ನೂ ಮೊದಲು ಕ್ಯಾಮೆರಾದಲ್ಲಿ ನೋಡಿಕೊಳ್ಳಿ, ಯಾಕೆಂದರೆ ಕೆಲವು ಎಲ್‌ಸಿಡಿ ಕೂಡ ಮಿನುಗುತ್ತವೆ. ಅದೇ ವಾಟ್ಸಾಪ್, ಅದೇ ಯೂಟ್ಯೂಬ್, ಅಷ್ಟೇ ಹೊತ್ತು ನೋಡಿ. ತಲೆನೋವು ಹೋಯಿತು, ಮತ್ತೆ ಹೊಸ ಫೋನ್ ಹಿಡಿದ ಕೂಡಲೇ ಬಂತು ಎಂದರೆ ಅನುಮಾನ ಗಟ್ಟಿಯಾಯಿತು. ಎರಡರಲ್ಲೂ ಒಂದೇ ಥರ ನೋವಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಯಾವ ಸ್ಕ್ರೀನ್ ಆದರೂ ಸರಿ, ಗಂಟೆಗಟ್ಟಲೆ ನೋಡಿದ ಮೇಲಷ್ಟೇ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಿದ್ದರೆ ಅದು ಬಹುಶಃ ಕಣ್ಣು ಒಣಗುವುದು. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಬೇಕೆಂದೇ ರೆಪ್ಪೆ ಬಡಿಯಿರಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ, ಫ್ಯಾನ್ ಗಾಳಿ ನೇರ ಮುಖಕ್ಕೆ ಬಡಿಯದ ಹಾಗೆ ಕೂತುಕೊಳ್ಳಿ.

ಈಗ ಇರುವ ಫೋನ್‌ನಲ್ಲೇ ಏನು ಮಾಡಬಹುದು

ಮೊದಲು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಶಿಯೋಮಿ, ರೆಡ್ಮಿ, ಪೋಕೋ ಫೋನ್‌ಗಳಲ್ಲಿ ಡಿಸಿ ಡಿಮ್ಮಿಂಗ್ ಅಥವಾ ಆ್ಯಂಟಿ ಫ್ಲಿಕರ್ ಮೋಡ್ ಎಂಬ ಹೆಸರಿನಲ್ಲಿ ಇರಬಹುದು, ಮೋಟೊರೋಲಾದಲ್ಲಿ ಫ್ಲಿಕರ್ ಪ್ರಿವೆನ್ಷನ್ ಎಂದು. ಮಾಡೆಲ್‌ನಿಂದ ಮಾಡೆಲ್‌ಗೆ ಹೆಸರೂ ಜಾಗವೂ ಬದಲಾಗುತ್ತದೆ, ಹಾಗಾಗಿ ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ಫ್ಲಿಕರ್ ಎಂದು ಇಂಗ್ಲಿಷಿನಲ್ಲಿ ಹಾಕಿ ನೋಡುವುದೇ ಬೇಗ. ಐಫೋನ್ 17ರಲ್ಲಿ ಆಪಲ್ ಇದಕ್ಕೆಂದೇ ಡಿಸ್‌ಪ್ಲೇ ಪಲ್ಸ್ ಸ್ಮೂತಿಂಗ್ ಎಂಬ ಆಯ್ಕೆ ಕೊಟ್ಟಿದೆ, ಆ್ಯಕ್ಸೆಸಿಬಿಲಿಟಿಯೊಳಗಿನ ಡಿಸ್‌ಪ್ಲೇ ಆ್ಯಂಡ್ ಟೆಕ್ಸ್ಟ್ ಸೈಜ್‌ನಲ್ಲಿದೆ. ಗೂಗಲ್‌ನ ಪಿಕ್ಸೆಲ್ 10 ಪ್ರೊದಲ್ಲೂ ಆ್ಯಕ್ಸೆಸಿಬಿಲಿಟಿಯಲ್ಲೇ ಸೂಕ್ಷ್ಮ ಕಣ್ಣಿನವರಿಗೆ ಒಂದು ಆಯ್ಕೆ ಇದೆ, ಅದು ವೇಗವನ್ನು 240ರಿಂದ 480 ಹರ್ಟ್ಜ್‌ಗೆ ಏರಿಸುತ್ತದೆ. ಇಷ್ಟು ವರ್ಷ ಜನ ಹೇಳಿದ್ದನ್ನು ದೊಡ್ಡ ಕಂಪನಿಗಳು ಕೊನೆಗೂ ಒಪ್ಪಿಕೊಂಡಿವೆ ಎಂಬುದೇ ನನಗೆ ಸಮಾಧಾನ. ಆಯ್ಕೆ ಆನ್ ಮಾಡಿದ ಮೇಲೆ ಮತ್ತೆ ಕ್ಯಾಮೆರಾ ಪರೀಕ್ಷೆ ಮಾಡಿ, ಪಟ್ಟೆ ನಿಜಕ್ಕೂ ತೆಳುವಾಯಿತಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಅಂಥ ಆಯ್ಕೆ ಇಲ್ಲವೇ? ಹಾಗಿದ್ದರೆ ಈ ದಾರಿ, ಮತ್ತು ನನ್ನ ಪ್ರಕಾರ ಅತಿ ಹೆಚ್ಚು ಜನರಿಗೆ ಉಪಯೋಗಕ್ಕೆ ಬರುವುದು ಇದೇ. ಆಟೋ ಬ್ರೈಟ್‌ನೆಸ್ ಆಫ್ ಮಾಡಿ. ಪಟ್ಟೆ ದಪ್ಪಗಾಗುವ ಜಾಗ ನೆನಪಿಟ್ಟುಕೊಂಡಿದ್ದಿರಲ್ವಾ, ಬ್ರೈಟ್‌ನೆಸ್ಸನ್ನು ಅದಕ್ಕಿಂತ ಮೇಲೆಯೇ ನಿಲ್ಲಿಸಿ. ರಾತ್ರಿ ಅಷ್ಟು ಬೆಳಕು ಕಣ್ಣಿಗೆ ಚುಚ್ಚುತ್ತದೆ, ಆದ್ದರಿಂದ ಉಳಿದದ್ದನ್ನು ಸಾಫ್ಟ್‌ವೇರ್‌ನಿಂದ ಇಳಿಸಬೇಕು. ಆಂಡ್ರಾಯ್ಡ್ 12 ಮತ್ತು ನಂತರದ ಬಹಳಷ್ಟು ಫೋನ್‌ಗಳಲ್ಲಿ ಆ್ಯಕ್ಸೆಸಿಬಿಲಿಟಿಯಲ್ಲಿ ಎಕ್ಸ್‌ಟ್ರಾ ಡಿಮ್ ಇದೆ, ಐಫೋನ್‌ನಲ್ಲಿ ರೆಡ್ಯೂಸ್ ವೈಟ್ ಪಾಯಿಂಟ್. ಇವು ಬಿಳಿಯನ್ನೇ ಬೂದಿಯಾಗಿ ತೋರಿಸುತ್ತವೆ, ಸ್ಕ್ರೀನ್ ಹತ್ತಿ ಆರುವ ಲೆಕ್ಕವನ್ನು ಮುಟ್ಟುವುದಿಲ್ಲ. ಹಗಲು ಬಿಸಿಲಿಗೆ ಹೋದಾಗ ಏನೂ ಕಾಣುವುದಿಲ್ಲ, ಆದ್ದರಿಂದ ಥಟ್ಟನೆ ಆನ್ ಆಫ್ ಮಾಡಲು ಶಾರ್ಟ್‌ಕಟ್ ಇಟ್ಟುಕೊಳ್ಳಿ. ಫೋನ್‌ನಲ್ಲಿ ಈ ಆಯ್ಕೆಯೇ ಇಲ್ಲದಿದ್ದರೆ ಪ್ಲೇ ಸ್ಟೋರ್‌ನಲ್ಲಿ ಸ್ಕ್ರೀನ್ ಡಿಮ್ಮರ್ ಆ್ಯಪ್‌ಗಳಿವೆ. ಆದರೆ ಅವು ಕೇಳುವ ಪರ್ಮಿಷನ್ ಓದಿ ಒಪ್ಪಿ, ಸುಮ್ನೆ ಎಲ್ಲದಕ್ಕೂ ಅಲೋ ಒತ್ತಬೇಡಿ.

ಕೋಣೆಯ ದೀಪ ಆರಿಸಿ ಹೊದಿಕೆಯೊಳಗೆ ನೋಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಹಿಂದೆ ಒಂದು ಮೆತ್ತನೆ ದೀಪ ಉರಿಯುತ್ತಿರಲಿ. ಫೋನನ್ನು ಒಂದು ಗೇಣು ಇನ್ನೂ ದೂರ ಹಿಡಿದು, ಅಕ್ಷರ ದೊಡ್ಡದು ಮಾಡಿಕೊಳ್ಳಿ. ಮಿನುಗುವ ಜಾಗ ಕಣ್ಣಿಗೆ ಚಿಕ್ಕದಾದಷ್ಟೂ ಕಾಟ ಕಡಿಮೆ.

ಬ್ಲೂ ಲೈಟ್ ಕನ್ನಡಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದಕ್ಕೆ ದುಡ್ಡು ಹಾಕಬೇಡಿ ಎನ್ನುತ್ತೇನೆ. 2023ರಲ್ಲಿ ಬಂದ ಕೊಕ್ರೇನ್ ವಿಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ), ಅಲ್ಪಾವಧಿಯಲ್ಲಿ ಕಣ್ಣಿನ ಆಯಾಸಕ್ಕೆ ಈ ಲೆನ್ಸ್‌ಗಳಿಂದ ಸಾಮಾನ್ಯ ಲೆನ್ಸ್‌ಗಿಂತ ಹೆಚ್ಚಿನ ಲಾಭ ಬಹುಶಃ ಇಲ್ಲ ಎಂದಿದೆ. ಮಿನುಗಿಗಂತೂ ಬಣ್ಣ ಬದಲಿಸಿ ಏನೂ ಆಗದು. ಫೋನ್‌ನ ಹಳದಿ ಬೆಳಕಿನ ಐ ಕಂಫರ್ಟ್ ಮೋಡ್ ಕೂಡ ಅಷ್ಟೇ.

ಹೊಸ ಫೋನ್ ಕೊಳ್ಳುವ ಮುಂಚೆ

120 ಹರ್ಟ್ಜ್ ಡಿಸ್‌ಪ್ಲೇ ಎಂದು ಬೋರ್ಡ್ ಹಾಕಿರುತ್ತಾರೆ. ಅದು ಚಿತ್ರ ಬದಲಾಗುವ ವೇಗ, ಮಿನುಗುವ ವೇಗವಲ್ಲ. ನೀವು ಕೇಳಬೇಕಾದ್ದು ಪಿಡಬ್ಲ್ಯುಎಂ ಸಂಖ್ಯೆ. ಒನ್‌ಪ್ಲಸ್ 12, ನಥಿಂಗ್ ಫೋನ್ 2ಎ ಇವಕ್ಕೆ 2160 ಹರ್ಟ್ಜ್ ಎಂದೂ ಆನರ್ 90ಕ್ಕೆ 3840 ಎಂದೂ ಕಂಪನಿಗಳು ಹೇಳಿದ್ದವು. ಅದೇ ಸಮಯದಲ್ಲಿ ಇದಕ್ಕಿಂತ ಎಷ್ಟೋ ದುಬಾರಿಯ ಫೋನ್‌ಗಳು 240, 480ರಲ್ಲೇ ಇದ್ದವು. ಬೆಲೆ ನೋಡಿ ಕಣ್ಣಿಗೆ ಹಿತ ಎಂದುಕೊಳ್ಳಬೇಡಿ.

ಸಂಖ್ಯೆ ಜೊತೆಗೆ ಎಷ್ಟು ಆಳಕ್ಕೆ ಮಿನುಗುತ್ತದೆ ಎಂಬುದೂ ಮುಖ್ಯ. ಎಲ್‌ಇಡಿ ದೀಪಗಳಿಗಾಗಿ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ 2015ರಲ್ಲಿ ಮಾಡಿದ 1789 ಎಂಬ ಶಿಫಾರಸಿನ ಪ್ರಕಾರ 240 ಹರ್ಟ್ಜ್‌ನಲ್ಲಿ ಬೆಳಕಿನ ಏರಿಳಿತ ಸುಮಾರು 19 ಶೇಕಡಾ ಒಳಗಿದ್ದರೆ ಅಪಾಯ ಕಡಿಮೆ. 1250 ಹರ್ಟ್ಜ್ ದಾಟಿದರೆ ಈ ಕಡಿಮೆ ಅಪಾಯದ ಮಿತಿಯೇ ಬೇಕಿಲ್ಲ. ಅದು ದೀಪಗಳ ಲೆಕ್ಕ, ಫೋನ್‌ನದಲ್ಲ, ಆದರೂ ಒಂದು ಅಂದಾಜಿಗೆ ಸಾಕು. ಬ್ರೈಟ್‌ನೆಸ್ ಇಳಿಸಿದಾಗ ಸ್ಕ್ರೀನ್ ಪೂರ್ತಿ ಆರಿ ಹತ್ತುವ ಫೋನ್‌ನಲ್ಲಿ ಏರಿಳಿತ 100 ಶೇಕಡಾ ಹತ್ತಿರ ಇರುತ್ತದೆ.

ಆನ್‌ಲೈನ್‌ನಲ್ಲಿ ಸುಮ್ನೆ ಆರ್ಡರ್ ಮಾಡುವ ಬದಲು ಅಂಗಡಿಗೆ ಹೋಗಿ. ಆನ್‌ಲೈನ್‌ನಲ್ಲಿ ಎಷ್ಟೋ ಸಲ ಬದಲಿ ಫೋನ್ ಮಾತ್ರ ಕೊಡುತ್ತಾರೆ, ಅದೇ ಮಾಡೆಲ್ ಬಂದರೆ ಅದೇ ಸ್ಕ್ರೀನ್. ಅಂಗಡಿಯಲ್ಲಿ ಡೆಮೊ ಫೋನ್ ಕೇಳಿ, ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ, ನಿಮ್ಮ ಫೋನ್ ಕ್ಯಾಮೆರಾದಲ್ಲಿ ನೋಡಿ. ಸಂಕೋಚ ಬೇಡ, ದುಡ್ಡು ನಿಮ್ಮದು. ಆಮೇಲೆ ಏನಾದರೂ ಉದ್ದದ ಬರಹ ತೆರೆದು ಹತ್ತು ನಿಮಿಷ ಅಲ್ಲೇ ನಿಂತು ಓದಿ.

ಇಷ್ಟೆಲ್ಲ ಮಾಡಿದರೂ ಎರಡು ವಾರದಲ್ಲಿ ನೋವು ಇಳಿಯದಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಪವರ್ ಪರೀಕ್ಷೆ ಮಾಡಿಸಿ. ನಲವತ್ತು ದಾಟಿದವರಿಗೆ ಚಾಳೀಸು ಶುರುವಾಗಿದ್ದರೂ ಇದೇ ಥರ ತಲೆ ನೋಯುತ್ತದೆ. ಇದ್ದಕ್ಕಿದ್ದಂತೆ ಹಿಂದೆಂದೂ ಬರದಷ್ಟು ಜೋರು ತಲೆನೋವು ಬಂದರೆ, ದೃಷ್ಟಿ ಮಂಜಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ತಲೆನೋವಿನ ಜೊತೆಗೆ ವಾಂತಿಯಾದರೆ, ಇವುಗಳಲ್ಲಿ ಒಂದಾದರೂ ಸರಿ, ಫೋನ್ ಸೆಟ್ಟಿಂಗ್ಸ್ ನೋಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಹೊಸ ಫೋನ್ ಕೊಳ್ಳುವಾಗ ಹಳೆಯ ಎಲ್‌ಸಿಡಿ ಫೋನನ್ನು ಆ ಎರಡು ಮೂರು ಸಾವಿರದ ಆಸೆಗೆ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಹೊಸದು ನಿಮ್ಮ ಕಣ್ಣಿಗೆ ಒಗ್ಗುತ್ತದೆ ಎಂದು ಖಾತ್ರಿಯಾಗುವವರೆಗಾದರೂ ಇಟ್ಟುಕೊಳ್ಳಿ. ಒಗ್ಗದಿದ್ದರೆ ಕಾಲ್, ಕ್ಯಾಮೆರಾ, ಪೇಮೆಂಟ್‌ಗೆ ಹೊಸದನ್ನು ಬಳಸಿ, ರಾತ್ರಿ ಓದುವುದಕ್ಕೆ ಹಳೆಯದನ್ನೇ ವೈಫೈಗೆ ಹಾಕಿಕೊಂಡು ಬಳಸಬಹುದು.